ಗಂಧಕ

ನಿನ್ನಲ್ಲೂ ಗಂಧಕವಿದೆಯಂತೆ.
ಥಯೋಟೆಪಾ ಎಂಬ ಹೆಸರಿನ ಮೊದಲ ತುಂಡಿಗೇ ಆ ಅರ್ಥ
ಎಂದಳು ನರ್ಸ್ ಲಾಮಾರಾ.
ಹಾಗಾದರೆ ನಾವು ಹಳೇ ಪರಿಚಯದವರು.

ಇಪ್ಪತ್ತೆರಡು ವರ್ಷ
ತಿಬಿಲಿಸಿಯ ಇಟ್ಟಿಗೆ ಗುಮ್ಮಟಗಳ ಕೆಳಗೆ,
ನೆಲದೊಳಗಿಂದ ಬಿಸಿಯಾಗಿಯೇ ಏಳುವ
ಕೊಳೆತ ಮೊಟ್ಟೆ ನಾರುವ ನೀರಿನಲ್ಲಿ
ಊರವರ ಬೆನ್ನು ಉಜ್ಜಿದವನು ನಾನು, ನುಗ್ಜಾರ್.
ಕೈಗೆ ಒರಟು ಕಿಸೆ ತೊಟ್ಟು
ಭುಜದಿಂದ ಸೊಂಟಕ್ಕೆ ಒಂದೇ ಎಳೆತ:
ಕೊಳೆ ಶಾವಿಗೆಯಾಗಿ ಎದ್ದು ಬರುತ್ತಿತ್ತು.
ಲಾರಿ ಓಡಿಸುವವರು, ನಾಳೆ ಮದುವೆಯಾಗುವವರು,
ಒಮ್ಮೆ ಒಬ್ಬ ನ್ಯಾಯಾಧೀಶ.
ಬಟ್ಟೆ ಕಳಚಿದ ಮೇಲೆ ಯಾರೂ ಯಾರೂ ಅಲ್ಲ.
ಬೆನ್ನು ನೋಡಿಯೇ ಹೇಳುತ್ತಿದ್ದೆ
ಯಾರ ಮನೆಯಲ್ಲಿ ಜಗಳ, ಯಾರಿಗೆ ನಿದ್ದೆಯಿಲ್ಲ ಎಂದು.

ಮಗನ ಬೆನ್ನು ನನಗೆ ಏನನ್ನೂ ಹೇಳಲಿಲ್ಲ.
ಗಡ್ಡೆ ಇದ್ದದ್ದು ತಲೆಯೊಳಗೆ.

ಮಿದುಳಿಗೆ ಒಂದು ಕಾವಲಿದೆಯಂತೆ,
ಎಷ್ಟೋ ಮದ್ದುಗಳು ಬಾಗಿಲು ತಟ್ಟಿ ತಟ್ಟಿ ಹಿಂದಿರುಗುತ್ತವಂತೆ.
ನೀನು ದಾಟುತ್ತೀ. ಅದಕ್ಕೇ ಕರೆಸಿದ್ದು.
ದಾಟಿದವನು ಸುಮ್ಮನಿರುವವನೂ ಅಲ್ಲ,
ಮೂಳೆಯೊಳಗಿನ ಕಣಜವನ್ನೂ ಗುಡಿಸಿಬಿಡುತ್ತೀ.
ಮೊದಲೇ ಅವನ ರಕ್ತದಿಂದ ಬೀಜ ಹೆಕ್ಕಿ
ಹಬೆಯಾಡುವ ಉಕ್ಕಿನ ಪೀಪಾಯಿಯಲ್ಲಿ
ಹೆಪ್ಪುಗಟ್ಟಿಸಿಟ್ಟಿದ್ದಾರೆ.
ಚೀಲದ ಮೇಲೆ ಅವನದೇ ಹೆಸರು: ಬೆಸಿಕ್.
ಅಕ್ಷರ ಈಗಷ್ಟೇ ಕಲಿತವನು, ಚೀಟಿ ಓದಿ
ಅದು ನನ್ನದು, ವಾಪಸು ಕೊಡಬೇಕು ಅಂದ.

ಕಾಗದ ಮೂರು ಪುಟ.
ಬಾಯಿಯ ಹುಣ್ಣು, ಜ್ವರ, ರಕ್ತಸ್ರಾವ.
ಮುಂದೆ ಮಕ್ಕಳಾಗದಿರಬಹುದು.
ಬಹಳ ವರ್ಷಗಳ ಮೇಲೆ
ನೀನೇ ಇನ್ನೊಂದು ಕ್ಯಾನ್ಸರ್ ತಂದಿಡಬಹುದು.
ಆರು ವರ್ಷದವನ ಮೊಮ್ಮಕ್ಕಳ ಲೆಕ್ಕಕ್ಕೆ
ನಾನು ಸಹಿ ಹಾಕಿದೆ.
'ಬಹಳ ವರ್ಷಗಳ ಮೇಲೆ'
ಆ ಮಾತನ್ನು ಮಾತ್ರ ಎರಡು ಸಲ ಓದಿಸಿಕೊಂಡೆ.
ಅಷ್ಟು ಸಿಹಿ ಇತ್ತು ಅದು.

ಆಮೇಲೆ ಲಾಮಾರಾ ಹೇಳಿದಳು:
ಒಳಗಿನ ಕೆಲಸ ಮುಗಿಸಿ ಇದು ಬೆವರಿನಲ್ಲಿ ಹೊರಬರುತ್ತದೆ.
ಕಂಕುಳಲ್ಲಿ, ತೊಡೆಸಂದಿಯಲ್ಲಿ, ಪಟ್ಟಿ ಅಂಟಿಸಿದಲ್ಲಿ
ಕೂತುಬಿಟ್ಟರೆ ಚರ್ಮ ಸುಡುತ್ತದೆ.
ಆರು ಗಂಟೆಗೊಮ್ಮೆ ಮೀಯಿಸಬೇಕು, ನಡುರಾತ್ರಿ ದಾಟಿದ ಮೇಲೂ.
ಹಾಸಿಗೆ ಬಟ್ಟೆ ಪ್ರತಿ ಸಲ ಬೇರೆ.
ಎಣ್ಣೆ ಬೇಡ, ಮುಲಾಮು ಬೇಡ.
ಯಾರು ಮೀಯಿಸುತ್ತೀರಿ?

ಎತೇರಿಗೆ ಏಳು ತಿಂಗಳು.
ಬಸುರಿಯರು ಅವನ ಬೆವರು ಮುಟ್ಟಕೂಡದು.
ಅವಳು ಗಾಜಿನಾಚೆ, ಹಣೆ ಒತ್ತಿ ಒತ್ತಿ
ಅಲ್ಲೊಂದು ಮಂಜಿನ ಬೊಟ್ಟು.
ನಾನೇ, ಅದು ನನ್ನ ಕಸುಬು ಎಂದೆ.
ಹಾಗಾದರೆ ಕಸುಬು ಮರೆತು ಬನ್ನಿ, ಎಂದಳು.

ಮರೆಯುವುದು ಸುಲಭವೇ?
ಕೈ ತಾನಾಗಿ ಬಲ ಹುಡುಕುತ್ತದೆ.
ಉಜ್ಜಬೇಡ. ನೀರು ಹರಿಯಲು ಬಿಡು.
ಒರೆಸಬೇಡ. ಬಟ್ಟೆ ಒತ್ತು, ಎತ್ತು.
ನೀಲಿ ಕೈಗವಸಿನೊಳಗೆ ನನ್ನ ಬೆರಳುಗಳು
ಬೇರೆ ಯಾರದೋ ಬೆರಳುಗಳು.

ಮೊದಲಿನ ಆಸ್ಪತ್ರೆಯವರು ಕೈತೊಳೆದುಕೊಂಡಿದ್ದರು.
ನಾನೂ ತೊಳೆದುಕೊಳ್ಳುತ್ತೇನೆ:
ಗವಸು ತೊಡುವ ಮೊದಲು, ಕಳಚಿದ ಮೇಲೆ,
ಉಗುರಿನ ಬುಡ, ಬೆರಳ ಸಂದಿ, ಮಣಿಕಟ್ಟು.
ಮತ್ತೆ ಅವನ ಬಳಿಗೆ ಬರಲಿಕ್ಕೆ.

ಬೆಳಗಿನ ಜಾವ ಮೂರು.
ಉಗುರುಬೆಚ್ಚಗಿನ ನೀರು, ಪ್ಲಾಸ್ಟಿಕ್ ಮಣೆ.
ಎದೆಯ ನಳಿಕೆ ನೆನೆಯದಂತೆ ಒಂದು ಕೈ ಅಡ್ಡ.
ಕಂಕುಳಲ್ಲಿ ಕಂದು ನೆರಳು, ನಿನ್ನೆ ಇರಲಿಲ್ಲ.
ಲಾಮಾರಾ ಟಾರ್ಚ್ ಹಿಡಿದು ನೋಡಿ ಬರೆದುಕೊಂಡಳು.
ಕಣ್ಣು ಮುಚ್ಚಿಕೊಂಡೇ ಬೆಸಿಕ್
ತನ್ನ ತೋಳು ಮೂಸಿದ. ಬೆಳ್ಳುಳ್ಳಿಯಂಥ ಏನೋ.
"ಅಪ್ಪಾ, ಈಗ ನಾನೂ ನಿನ್ನ ಹಾಗೇ ನಾರ್ತೀನಿ."

ಸಂಜೆ ಕೆಲಸದಿಂದ ಬಂದರೆ
ಮೂಗು ಮುಚ್ಚಿ ಓಡುತ್ತಿದ್ದವನು.

ಮಣೆಯ ಕೆಳಗೆ ನೀರು ಜಾಲರಿ ಹುಡುಕಿ ಹೋಗುತ್ತದೆ.
ಹೋಗು, ಪರಿಚಯದವನೇ,
ಇಷ್ಟರಲ್ಲಿ ನೀನು ಎಷ್ಟಿದ್ದೀಯೋ ಅಷ್ಟೂ ಹೋಗು.
ಒಳಗೆ ಇನ್ನೂ ಕೆಲಸವಿದ್ದರೆ ಮಾತ್ರ
ಅವಸರ ಮಾಡಬೇಡ.
ಟವೆಲು ಒತ್ತುತ್ತೇನೆ, ಎತ್ತುತ್ತೇನೆ.
ಒಂಬತ್ತಕ್ಕೆ ಮತ್ತೆ.